ಎಣ್ಣೆನೀರು ಕಂಡ ಕಮಾನು

ತಬಲಾದವನಿಗೆ ಕೈಗಿಂತ ಗುಂಡಿಗೆ ಗಟ್ಟಿ ಇರಬೇಕೆಂದು ನನಗೆ ತಿಳಿದದ್ದು ನಮ್ಮ ಪಿಟೀಲು ಪಂಡಿತರ ಜೊತೆ ತಿರುಗತೊಡಗಿದ ಮೇಲೆ. ಐವತ್ತರ ದಶಕದಲ್ಲಿ ಅವರನ್ನು ರೇಡಿಯೊದಲ್ಲಿ ಕೇಳದ ಊರಿರಲಿಲ್ಲ. ಅವರ ಜೊತೆ ನಾನು ನೆಮ್ಮದಿಯಾಗಿ ವೇದಿಕೆ ಹತ್ತಿದ ದಿನವೂ ಇರಲಿಲ್ಲ.

ಬಾಲದ ಭಯ

ಸೊಲ್ಲಾಪುರದ ಕಚೇರಿಗೆ ರೈಲು ತಡವಾಗಿ ಬಂತು. ಸಂಜೆ ಗಿರಣಿ ಬಿಡುವ ಭೋಂಗಾ, ಅಂದರೆ ಸೈರನ್ನು, ಆಗಲೇ ಕೂಗಿತ್ತು, ಜನ ಕಾಯುತ್ತಿರುತ್ತಾರೆ. ಅವಸರದಲ್ಲಿ ಟಾಂಗಾ ಹತ್ತಿದೆವು. ಮುಂದೆ ಕೂತ ಪಂಡಿತರನ್ನು ಟಾಂಗಾದವನು, "ಪೆಟ್ಟಿಗ್ಯಾಗ ಏನೈತ್ರಿ?" ಎಂದು ಕೇಳಿದ. ಅವರು ಪಿಟೀಲಿನ ಕಮಾನು ತೋರಿಸಿ, "ಇದಕ ಕುದುರಿ ಬಾಲದ ಕೂದಲಾ ಕಟ್ಟತಾರ," ಎಂದರು.

ಮುಗಿಯಿತು. ಅವನು ಲಗಾಮು ಎಳೆದು, "ಸಾಹೇಬ್ರ, ಹಿಂದ ಹೋಗಿ ಕುಂಡ್ರಿ," ಎಂದ. ಹಿಂದೆ ಆಗಲೇ ನಾನು, ತಬಲಾ, ಟ್ರಂಕು. ಪಂಡಿತರೂ ಬಂದು ಕೂತದ್ದೇ ಟಾಂಗಾ ಹಿಂದಕ್ಕೆ ವಾಲಿ ಕುದುರೆಯ ಮುಂಗಾಲು ಮೇಲೆದ್ದವು! ದಾರಿಹೋಕರು ಓಡಿಬಂದು ಕುದುರೆಯನ್ನು ನೆಲಕ್ಕಿಳಿಸಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಟಾಂಗಾದವನು ಮಾತ್ರ ಕುದುರೆಯ ಹಿಂಭಾಗ ಸವರಿ, "ಬಾಲ ಐತಿ ಬಿಡ್ರಿ," ಎಂದ.

ಮೈಲಾರನ ವಾಹನ

ಮರುದಿನ ಅಕ್ಕಲಕೋಟದಲ್ಲಿ ಕಚೇರಿ. ಮೊದಲು ಹತ್ತಿರದ ವಾಗದರಿಗೆ, ಪಂಡಿತರ ತಾಯಿಯ ಮನೆಗೆ ಹೋದೆವು. ಕುರಿ ಸಾಕುವ ಮನೆ, ಮೈಲಾರನ ಒಕ್ಕಲು. ಕುರಿ ಬಿಟ್ಟು ಪಿಟೀಲಿನ ಹಿಂದೆ ಓಡಿಹೋದ ಮಗನ ಬಾಜಾ ಆ ತಾಯಿ ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಬರಲು ಒಪ್ಪಿದ್ದರು. ಊರೂರು ಗೆದ್ದ ಪಂಡಿತರು ಬೆಳಗಿನಿಂದ ಪಿಟೀಲಿನ ತಂತಿ ಬಿಗಿಯುವುದು, ಸಡಿಲಿಸುವುದು ಇದನ್ನೇ ಮಾಡುತ್ತಿದ್ದರು.

ನಾನು ಟಾಂಗಾದ ಕತೆ ಹೇಳಿದೆ. ತಾಯಿ ನಗಲಿಲ್ಲ. "ಕುದುರಿ ಬಾಲಾನ?" ಎಂದು ಕಮಾನಿಗೆ ಕೈ ಮುಗಿದರು. ಕುದುರೆ ಮೈಲಾರನ ವಾಹನವಲ್ಲವೇ! ನಾವು ಊಟಕ್ಕೆ ಕೂತಾಗ ಕಮಾನಿಗೆ ಪೂಜೆ ಮಾಡಿ, ಕೂದಲಿಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಬಿಟ್ಟಿದ್ದರು.

"ಒಣಗಿ ಹೋಗಿತ್ತೋ ತಮ್ಮಾ, ಪಾಪ," ಎಂದರು.

ಎಣ್ಣೆಯಾದ ಕೂದಲು ತಂತಿಯನ್ನು ಹಿಡಿಯುವುದಿಲ್ಲ. ಪಂಡಿತರು ಎಳೆದರೆ ಕಮಾನು ಸುಮ್ಮನೆ ಜಾರಿತು, ಸ್ವರವೇ ಇಲ್ಲ. ಬೇರೆ ಕಮಾನೂ ಇಲ್ಲ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು.

"ಇಷ್ಟಕ್ಕ ಯಾಕ ಅಂಜತೀಯೋ? ಎಣ್ಣಿ ಹಚ್ಚಿದವರು ಎರಕೊಳ್ಳೂದಿಲ್ಲೇನು?" ಎನ್ನುತ್ತ ತಾಯಿ ಸೀಗೆಕಾಯಿ ತಂದರು.

ಭಂಡಾರ

ಕೂದಲು ತೊಳೆದು, ಬಿಸಿಲಿಗೆ ಒಣಗಿಸಿ, ತಂತಿ ಹಿಡಿಯಲೆಂದು ರಾಳ ತಿಕ್ಕಿ ಅಕ್ಕಲಕೋಟ ಸೇರಿದೆವು. ಸ್ವರ ಬರುತ್ತದೋ ಇಲ್ಲವೋ ದೇವರೇ ಬಲ್ಲ. ಮೊದಲ ಸಾಲಿನಲ್ಲಿ ತಾಯಿ. ಪಂಡಿತರು ಕಣ್ಣು ಮುಚ್ಚಿ ಕಮಾನು ಎಳೆದರು. ಬಂತು! ತಬಲಾ ಮುಟ್ಟುವ ಮೊದಲೇ ನನಗೆ ಅಳು ಬಂತು.

ಕಚೇರಿ ಮುಗಿಯುವವರೆಗೆ ತಾಯಿ ಬಾಯಿಗೆ ಸೆರಗು ಹಿಡಿದು ಅಲ್ಲಾಡದೆ ಕೂತಿದ್ದರು. ಆಮೇಲೆ ಸೀದಾ ವೇದಿಕೆ ಹತ್ತಿ, ಉಡಿಯಿಂದ ಮೈಲಾರನ ಭಂಡಾರ ತೆಗೆದರು, ಮುಷ್ಟಿ ತುಂಬ ಅರಿಶಿನ. ಈ ಆಶೀರ್ವಾದಕ್ಕೆ ಪಂಡಿತರು ಎಷ್ಟು ವರ್ಷ ಕಾದಿದ್ದರೋ! ಕಣ್ಣೊರೆಸಿಕೊಂಡು ತಲೆ ಬಗ್ಗಿಸಿದರು.

"ಸರಿಯೋ ಅತ್ಲಾಗ," ಎಂದು ತಾಯಿ ಕಮಾನಿನತ್ತ ಕೈ ಚಾಚಿದರು. "ನಿಂದು ಆಮ್ಯಾಲ. ಮೊದಲ ಕುದುರಿಗಿ."