ಏಳನೇ ನಂಬರಿನ ಏಣಿ

ಏಳನೇ ನಂಬರಿನ ಏಣಿಗೆ ಕಾಲು ನಾಲ್ಕು, ರಬ್ಬರಿನ ಟೊಪ್ಪಿ ಇದ್ದದ್ದು ಮೂರಕ್ಕೆ ಮಾತ್ರ. ಈ ಸಂಗತಿ ದುಗ್ಗುವಿಗೆ ತಿಳಿದದ್ದು ಏಣಿಯ ಮೇಲಿಂದ ನೆಲಕ್ಕೆ ಬರುವ ದಾರಿಯಲ್ಲಿ.

ಗಲ್ಫಿನ ಅಲ್ ಅಜೀಜಿಯಾದ ಎ.ಸಿ. ರಿಪೇರಿ ಕಂಪೆನಿಯೊಂದರಲ್ಲಿ ಅವನು ಸ್ಟೋರ್‌ಕೀಪರ್. ಬಿದ್ದದ್ದಕ್ಕಿಂತ ಬಿದ್ದ ದಿನವೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಅಂದು ಮಧ್ಯಾಹ್ನ ಎಚ್.ಆರ್. ಮ್ಯಾನೇಜರ್ ಹಿಶಾಮ್ ಅವನಿಗೆ ಸೀನಿಯರ್ ಸ್ಟೋರ್‌ಕೀಪರ್ ಬಡ್ತಿಯ ಕಾಗದ ಕೊಡುವುದಿತ್ತು. ಬಡ್ತಿ ಸಿಕ್ಕರೆ ಫ್ಯಾಮಿಲಿ ವೀಸಾಕ್ಕೆ ಬೇಕಾದಷ್ಟು ಸಂಬಳ, ವೀಸಾ ಸಿಕ್ಕರೆ ಹೆಂಡತಿ ಶರ್ಮಿಳಾ. ಮದುವೆಯಾಗಿ ಎರಡು ವರ್ಷವಾದರೂ ಅವನು ಸಂಸಾರ ಮಾಡುತ್ತಿದ್ದದ್ದು ಅಲ್ ಮನ್ಸೂರಾದ ರೂಮಿನಲ್ಲಿ, ಮೊಬೈಲ್ ಫೋನಿನ ಜೊತೆ. ಇಂಥ ದಿನ ಏಣಿಯಿಂದ ಬೀಳಲು ತನ್ನಂಥ ದಡ್ಡನೇ ಬೇಕು ಎಂದು ಅವನಿಗೇ ಅನ್ನಿಸಿತು.

ಸದ್ದು ಕೇಳಿ ಮೊದಲು ಓಡಿಬಂದವನು ಪಕ್ಕದ ಮೇಜಿನ ಟೈಪಿಸ್ಟ್ ಕ್ಲೈವ್.

"ಎಂತ ಆಯ್ತು ಮಾರಾಯ?"

"ಎಂತ ಇಲ್ಲ. ಕಾಲು ಸ್ವಲ್ಪ ಉಳುಕಿದೆ. ನೀನು ಯಾರಿಗೂ ಹೇಳ್ಬೇಡ."

"ಹೇಳ್ಬೇಡವಾ? ಇದು ವರ್ಕ್ ಇಂಜುರಿ! ಹಕ್ಕು ಉಂಟು ನಿಂಗೆ!"

ಕ್ಲೈವ್‌ನ ಭಾವನಿಗೆ ಅಲ್ ಗರಾಫಾದಲ್ಲಿ ಒಮ್ಮೆ ಕಾರು ತಾಗಿತ್ತು. ಅಂದಿನಿಂದ ಕ್ಲೈವ್ ವಕೀಲನಾಗಿದ್ದ, ಪದವಿಯೊಂದು ಬಾಕಿ. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವಿಚಾರಣೆ ಶುರುಮಾಡಿದ.

"ನೋವು ಹತ್ತರಲ್ಲಿ ಎಷ್ಟು?"

"ಮೂರು."

"ಎಂಟು ಹೇಳು. ಮೂರಕ್ಕೆ ಯಾರೂ ಫೈಲ್ ತೆಗಿಯುದಿಲ್ಲ."

ಅಷ್ಟರಲ್ಲಿ ರಿಸೆಪ್ಶನ್ನಿನ ಕಾಂತಾಮಣಿ ಫ್ರಿಜ್ಜಿನಿಂದ ಐಸು ಹಿಡಿದು ಬಂದಳು. "ಅಯ್ಯೋ ದೇವರೇ, ಕಾಲು ಹಲಸಿನಹಣ್ಣಿನ ಹಾಗೆ ಆಗಿದೆಯಲ್ಲ!" ಎಂದು ಗೋಳಾಡುತ್ತ ಬಲಗಾಲಿಗೆ ಐಸು ಒತ್ತಿದಳು.

"ಅಕ್ಕ, ಉಳುಕಿದ್ದು ಎಡದ್ದು."

"ಹಾಗಾದ್ರೆ ಇದು ಯಾಕೆ ಇಷ್ಟು ದಪ್ಪ ಉಂಟು?"

"ಅದು ಹುಟ್ಟಿದಾಗಿಂದಲೇ ಹಾಗೆ."

ಕಂಪೆನಿಯ ವ್ಯಾನಿನಲ್ಲೇ ಕ್ಲಿನಿಕ್ಕಿಗೆ ಹೋದದ್ದಾಯಿತು. ಮೂಳೆ ಮುರಿದಿಲ್ಲ, ಹತ್ತು ದಿನ ವಿಶ್ರಾಂತಿ ಸಾಕು ಎಂದರು ಡಾಕ್ಟರು. ಕ್ಲೈವ್‌ನ ಮುಖ ಬಾಡಿತು. ಆದರೂ ಸೋಲೊಪ್ಪದೆ ಎಲ್ಲಿಂದಲೋ ಒಂದು ಗಾಲಿಕುರ್ಚಿ ಗಿಟ್ಟಿಸಿಕೊಂಡು ಬಂದ. ಕಾಂತಾಮಣಿ ತನ್ನ ದುಪಟ್ಟವನ್ನೇ ಮಡಚಿ ದುಗ್ಗುವಿನ ಕುತ್ತಿಗೆಗೆ ಸುತ್ತಿದಳು. ಕುತ್ತಿಗೆಗೆ ಏನೂ ಆಗಿಲ್ಲ ಎಂದರೆ, "ಈಗ ಆಗಿಲ್ಲ, ನಾಳೆ ಆಗ್ತದೆ" ಎಂದಳು. ಹೀಗೆ ಉಳುಕಿದ ಕಾಲಿನೊಂದಿಗೆ ಹೊರಟ ದುಗ್ಗು ಗೃಹಪ್ರವೇಶದ ಮನೆಯ ಕಂಬದಂತೆ ಅಲಂಕೃತನಾಗಿ ಆಫೀಸಿಗೆ ಮರಳಿದ.

ಅಲ್ಲಿ ಕ್ಲೈವ್ ಟಪಟಪ ಟೈಪು ಮಾಡಿ ಒಂದು ಪುಟದ ಅರ್ಜಿ ತಂದಿಟ್ಟ.

"ಎಂತ ಬರ್ದಿದ್ದಿ?"

"ಎಲ್ಲ ಉಂಟು. ಚಿಕಿತ್ಸೆ ಖರ್ಚು ಕಂಪೆನಿದ್ದು, ವಿಶ್ರಾಂತಿಗೆ ಪೂರ್ತಿ ಸಂಬಳ. ಕೊನೆಗೆ ಒಂದು ಖಾರದ ಪ್ಯಾರಾ. ಸೈನ್ ಮಾಡು."

ಕಾಗದ ಕಂಡರೆ ಓದುವ ಅಭ್ಯಾಸ ದುಗ್ಗುವಿಗೆ ಇರಲಿಲ್ಲ. ಹನ್ನೊಂದು ವರ್ಷದಿಂದ ಅವನ ಮೇಜಿಗೆ ಬಂದ ಹಾಳೆಗಳೆಲ್ಲ ಚಾ ಆರುವ ಮೊದಲೇ ಸಹಿಯಾಗಿ ಹೋಗುತ್ತಿದ್ದವು. ಆ ಚುರುಕಿನ ಬಗ್ಗೆ ಅವನಿಗೆ ಹೆಮ್ಮೆ ಬೇರೆ. ಇದಕ್ಕೂ ಹಾಕಿದ.

ನಮಾಜಿನ ನಂತರ ಹಿಶಾಮ್ ಕರೆಸಿದ. ಅವನದು ಹಿಂದಿ, ಇಂಗ್ಲಿಷು, ಅರಬ್ಬಿ ಕಲಸಿದ ಮಾತು. ದುಗ್ಗುವಿನ ಕಿವಿಗೆ ಈಗ ಅದು ಕನ್ನಡದಷ್ಟೇ ಸಲೀಸು. ಗಾಲಿಕುರ್ಚಿ ತಳ್ಳುತ್ತ ಕ್ಲೈವ್ ಒಳಗೆ ಬಂದ.

"ಹಬೀಬಿ, ಇಷ್ಟಕ್ಕೆ ಅರ್ಜಿ ಯಾಕೆ?" ಎಂದ ಹಿಶಾಮ್. "ಕೆಲಸದಲ್ಲಿ ಬಿದ್ದರೆ ಚಿಕಿತ್ಸೆ ಕಂಪೆನಿಯದ್ದೇ. ವಿಶ್ರಾಂತಿಗೆ ಸಂಬಳವೂ ಉಂಟು. ಕಾನೂನೇ ಹಾಗಿದೆ, ಕೇಳಬೇಕಾಗಿಯೇ ಇಲ್ಲ. ಬಡ್ತಿಗೂ ಇದಕ್ಕೂ ಸಂಬಂಧವಿಲ್ಲ. ಖಲಾಸ್!"

ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡ ದುಗ್ಗು. ಖುಷಿಗೆ ಕುತ್ತಿಗೆಯ ದುಪಟ್ಟವನ್ನೂ ಕಿತ್ತುಹಾಕಿದ. ಶರ್ಮಿಳಾ ವಿಮಾನದಿಂದ ಇಳಿಯುವುದೇ ಅವನಿಗೆ ಕಣ್ಣೆದುರು ಕಂಡಿತು.

"ಆದರೆ ನಿನ್ನ ಕೊನೆಯ ಪ್ಯಾರಾ," ಎಂದು ಹಿಶಾಮ್ ಕನ್ನಡಕ ಏರಿಸಿ ಓದಿದ, "'ಈ ಏಣಿಯನ್ನು ಪರೀಕ್ಷಿಸದೆ ಸರಿಯಿದೆ ಎಂದು ಸಹಿ ಹಾಕಿದ ಬೇಜವಾಬ್ದಾರಿ ಮನುಷ್ಯನನ್ನು ಪತ್ತೆ ಮಾಡಿ, ಇಂದೇ ಎಚ್ಚರಿಕೆ ಪತ್ರ ಕೊಡಬೇಕು. ಇಲ್ಲವಾದರೆ ಕಾರ್ಮಿಕ ಇಲಾಖೆಗೆ ಹೋಗುತ್ತೇನೆ.' ನ್ಯಾಯವಾದ ಮಾತು. ಲಿಖಿತವಾಗಿ ಕೇಳಿದ ಮೇಲೆ ಮಾಡದೆ ಇರಲಿಕ್ಕಾಗುವುದಿಲ್ಲ. ಪತ್ತೆ ಮಾಡಿದೆವು."

ಕ್ಲೈವ್ ಹಿಂದಿನಿಂದ ದುಗ್ಗುವಿನ ಭುಜ ಒತ್ತಿದ. "ನೋಡಿದ್ಯಾ? ಖಾರ!"

ಹಿಶಾಮ್ ಏಣಿ ತಪಾಸಣೆಯ ಹಾಳೆಯನ್ನು ಮೇಜಿನ ಮೇಲೆ ಹರಡಿದ. ತಿಂಗಳಿಗೊಮ್ಮೆ ಮಾಡಬೇಕಾದ ಕಟ್ಟಳೆ: ಏಣಿಯ ಕಾಲು ನೋಡಬೇಕು, ಟೊಪ್ಪಿ ನೋಡಬೇಕು, ಸಹಿ ಹಾಕಬೇಕು. ಏಳನೇ ನಂಬರಿನ ಏಣಿಯ ಎದುರು ಜನವರಿಯಿಂದ ಡಿಸೆಂಬರ್ ತನಕ ಹನ್ನೆರಡು ಸಹಿ, ಹನ್ನೆರಡೂ ಒಂದೇ ಪೆನ್ನಿನವು. ಈಗಿನ್ನೂ ಅಕ್ಟೋಬರ್.

ಹನ್ನೆರಡೂ ದುಗ್ಗುವಿನವೇ.

ಹೊಸ ವರ್ಷದ ಮರುದಿನ, ಚಾ ಆರುವ ಮೊದಲು, ಒಂದೇ ಉಸಿರಿಗೆ ಹಾಕಿದ್ದು ಅವನಿಗೆ ನೆನಪಾಯಿತು. ನಾಚಿಕೆಯಿಂದ ಕಿವಿ ಕಾದವು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡ.

"ಎಚ್ಚರಿಕೆ ಪತ್ರ ಇದ್ದವನಿಗೆ ಆರು ತಿಂಗಳು ಬಡ್ತಿ ಮಾಫಿ, ಬಡ್ತಿ ಇಲ್ಲ," ಎಂದ ಹಿಶಾಮ್, ನಿಜಕ್ಕೂ ಬೇಸರದಿಂದ. "ನೀನು ಕೇಳದೆ ಇದ್ದಿದ್ದರೆ ನಾನು ಆ ಫೈಲನ್ನೇ ತೆರೆಯುತ್ತಿರಲಿಲ್ಲ. ಪತ್ರ ತಲುಪಿದೆ ಅಂತ ಇಲ್ಲಿ ಒಂದು ಸಹಿ."

ಜೀವಮಾನದಲ್ಲಿ ಮೊದಲ ಬಾರಿಗೆ ದುಗ್ಗು ಒಂದು ಕಾಗದವನ್ನು ಮೇಲಿನಿಂದ ಕೆಳಗಿನ ತನಕ, ಎರಡೆರಡು ಸಲ ಓದಿದ. ಅದರಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.

ಹೊರಗೆ ಬಂದಾಗ ಹಿಂದೆ ತಿರುಗಿ ನೋಡಿದರೆ ಕ್ಲೈವ್ ಇಲ್ಲ, ತುರ್ತಾಗಿ ಏನೋ ಟೈಪು ಮಾಡಲು ಹೋಗಿದ್ದ. ದುಗ್ಗು ಗಾಲಿಯನ್ನು ತಾನೇ ತಿರುಗಿಸಿಕೊಂಡು ಕಿಟಕಿಯ ಬಳಿ ಹೋಗಿ ಶರ್ಮಿಳಾಗೆ ಫೋನು ಮಾಡಿದ. ಬಿದ್ದದ್ದು, ಅರ್ಜಿ, ಹನ್ನೆರಡು ಸಹಿ, ಆರು ತಿಂಗಳು, ಯಾವುದನ್ನೂ ಬಚ್ಚಿಡದೆ ಹೇಳಿದ. ಅವಳು ಅಳುತ್ತಾಳೆ ಎಂದುಕೊಂಡು ಸಮಾಧಾನದ ಮಾತು ಹುಡುಕತೊಡಗಿದ.

"ಕಾಲು ಹೇಗುಂಟು?" ಕೇಳಿದಳು ಅವಳು.

"ಮೂರು. ಹತ್ತರಲ್ಲಿ."

"ನಂಗೆ ಆಶ್ಚರ್ಯ ಎಂತ ಇಲ್ಲ," ಎಂದಳು ಶರ್ಮಿಳಾ. "ಮದುವೆ ರಿಜಿಸ್ಟರಿನಲ್ಲೇ ನೀವು ಮದುಮಗನ ಜಾಗ ಬಿಟ್ಟು ಸಾಕ್ಷಿಯ ಜಾಗದಲ್ಲಿ ಸೈನ್ ಹಾಕಿದವರಲ್ವಾ?"