ಹೊರಟು ನಿಂತ ಮೇಲಿನ ಮಾತು

ನಮ್ಮ ಜನ ಮುಖ್ಯವಾದ ಮಾತನ್ನು ಕೂತು ಆಡುವುದಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಗೇಟು ತೆರೆದು, ಒಂದು ಕಾಲು ರಸ್ತೆಯಲ್ಲಿಟ್ಟ ಮೇಲೆ ಆಡುತ್ತಾರೆ. ಇಷ್ಟು ವರ್ಷ ಬಾಳಿ ನಾನು ಕಂಡುಕೊಂಡ ಸತ್ಯ ಇದೊಂದೇ. ಇದನ್ನು ನಂಬಿಕೊಂಡೇ ನಾನು ಕೆಟ್ಟೆ. ಹನುಮಂತನಗರದ ನನ್ನ ದೊಡ್ಡಮ್ಮನನ್ನೇ ನೋಡಿ. ಮನೆಗೆ ಬಂದರೆ ಎರಡು ಲೋಟ ಕಾಫಿ ಮುಗಿಯುವವರೆಗೂ ಮಂಡಿನೋವು, ಹುರುಳಿಕಾಯಿಯ ಬೆಲೆ, ಬಸ್ ಕಂಡಕ್ಟರನ ದರ್ಪ, ಇಷ್ಟೇ. ಕುಂಕುಮ ಇಟ್ಟುಕೊಂಡು, “ಬರ್ತೀನಮ್ಮ” ಎಂದು ಆಟೋದೊಳಗೆ ಒಂದು ಕಾಲಿಟ್ಟ ಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ, “ಅಂದ ಹಾಗೆ ವನಜಾ, ನಮ್ಮ ಸುಧಾ ಗಂಡನ್ನ ಬಿಟ್ಟು ಬಂದ್ಬಿಟ್ಟಿದಾಳೆ ಕಣೆ” ಎನ್ನುತ್ತಾಳೆ. ಅವತ್ತು ಆಟೋದವನು ಇಂಜಿನ್ ಆಫ್ ಮಾಡಿ, “ಒಳ್ಳೇದೇ ಆಯ್ತು ಬಿಡಿ ಆಂಟಿ” ಎಂದು ತೀರ್ಪನ್ನೂ ಕೊಟ್ಟ. ನನ್ನ ಮದುವೆ ಕುದುರಿದ್ದೂ ಗೇಟಿನಲ್ಲೇ. ಗಂಡಿನ ಕಡೆಯವರು ಉಪ್ಪಿಟ್ಟು, ಕೇಸರಿಬಾತು ತಿಂದು, ಬನಶಂಕರಿಯ ನೀರಿನ ತಾಪತ್ರಯವನ್ನೇ ಮಾತಾಡಿ ಎದ್ದರು. ನಮ್ಮಪ್ಪನ ಮುಖ ಸಣ್ಣದಾಯಿತು. ಗೇಟು ದಾಟಿದ ಮೇಲೆ ಭಾವೀ ಅತ್ತೆ ತಿರುಗಿ, “ಮತ್ತೆ, ನಮಗೆ ಒಪ್ಪಿಗೆ” ಎಂದರು. ಒಳಗೇ ಹೇಳಿದ್ದರೆ ಯೋಚಿಸಲು ನನಗೂ ಸ್ವಲ್ಪ ಹೊತ್ತು ಸಿಗುತ್ತಿತ್ತು ಎಂದು ಈಗಲೂ ಆಗಾಗ ಅನ್ನಿಸುವುದುಂಟು.

ಟೀವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಬೆರಳು ಸವೆಸಿಕೊಂಡಿದ್ದ ನನಗೆ ಹೋದ ವರ್ಷ ಜೆ.ಪಿ. ನಗರದ ಒಂದು ವಿಡಿಯೋ ಗೇಮ್ ಕಂಪನಿಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಅವರು ಮಾಡುತ್ತಿದ್ದ ಆಟ ಇಷ್ಟೇ: ಆಡುವವನು ಪಾಳೇಗಾರನಾಗಿ, ಕಳೆದುಕೊಂಡ ಕೋಟೆಯನ್ನು ಮತ್ತೆ ಗೆಲ್ಲಲು ಊರೂರು ಅಲೆಯುತ್ತಾನೆ. ಜೊತೆಗೆ ಮೂವರು ಸಂಗಾತಿಗಳು. ಕಾದಾಟ ಮುಗಿದು ಬಿಡಾರ ಹೂಡಿದಾಗ ಅವರ ಹತ್ತಿರ ಹೋಗಿ ಮಾತಾಡಿಸಬಹುದು. ಸಂಗಾತಿ ತನ್ನ ಕಥೆಯನ್ನೆಲ್ಲ ಮೊದಲ ದಿನವೇ ಕಾರಿಕೊಂಡರೆ ಮುಂದೆ ಆಟವಿಡೀ “ದಾರಿ ಇನ್ನೂ ದೂರ ಇದೆ ಒಡೆಯ” ಎಂಬ ಒಂದೇ ಮಾತು ಹೇಳುತ್ತಾ ಗೂಟದ ಹಾಗೆ ನಿಂತಿರಬೇಕು. ತೀರಾ ತಡಮಾಡಿದರೆ ಅಷ್ಟರಲ್ಲಿ ಆಟವೇ ಮುಗಿದಿರುತ್ತದೆ. ಯಾರು ಯಾವ ಮಾತಿಗೆ ಯಾವಾಗ ಬಾಯಿ ಬಿಡಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ. ಧಾರಾವಾಹಿಯಲ್ಲಿ ಒಂದು ಲೋಟ ಕಾಫಿಯನ್ನು ವಾರಪೂರ್ತಿ ಕುಡಿಸಿದವಳಿಗೆ ಇದೇನು ಮಹಾ ಎಂದುಕೊಂಡೆ. ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಪೇಪರಿನಿಂದ ಕಣ್ಣು ಕೀಳದೆ, “ಮಾತಾಡೋದಕ್ಕೂ ಸಂಬಳ ಕೊಡ್ತಾರಾ?” ಎಂದರು. ಅಷ್ಟು ವರ್ಷ ನನ್ನ ಮಾತನ್ನು ಪುಕ್ಕಟೆ ಕೇಳಿದವರು ಅವರು, ಅದೂ ಅರ್ಧಂಬರ್ಧ.

ನನ್ನ ಮೇಲಿನವನು ನಿಶಾಂತ್, ಗೊಟ್ಟಿಗೆರೆಯ ಹಳೇ ಮನೆತನದ ಹುಡುಗ. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಸಭ್ಯ ಹುಡುಗ, ಆದರೆ ಮನುಷ್ಯರ ವಿಷಯದಲ್ಲಿ ಅವನ ಲೆಕ್ಕಾಚಾರ ಕೇಳಿದರೆ ಮೈ ಉರಿಯುತ್ತಿತ್ತು. ಸಂಗಾತಿಯ ಜೀವ ಉಳಿಸಿದರೆ ವಿಶ್ವಾಸ ಇಷ್ಟು ಏರುತ್ತದೆ, ಇಷ್ಟು ಏರಿದರೆ ಗುಟ್ಟು ಹೊರಬರುತ್ತದೆ, ಮೊಬೈಲಿಗೆ ರೀಚಾರ್ಜ್ ಮಾಡಿದ ಹಾಗೆ. ಈಟಿ ಹಿಡಿದ ನಡುವಯಸ್ಸಿನ ಚಿಕ್ಕತಾಯಿ ಎಂಬ ಸಂಗಾತಿಯನ್ನು ನನಗೆ ಒಪ್ಪಿಸಿದ್ದರು. ಒತ್ತೆಯಲ್ಲಿದ್ದ ಮಗಳ ಜೀವ ಉಳಿಸಲು ಕೋಟೆಯ ಬಾಗಿಲು ತೆರೆದು ಶತ್ರುವನ್ನು ಒಳಗೆ ಬಿಟ್ಟವಳು ಅವಳೇ. ಅಂಥ ಹೆಂಗಸು ರೀಚಾರ್ಜ್ ಆದಳೆಂದು ಬಾಯಿ ಬಿಡುತ್ತಾಳೆಯೇ? ನಾನು ನಮ್ಮ ದೊಡ್ಡಮ್ಮನ ದಾರಿ ಹಿಡಿದೆ. ಬಿಡಾರದಲ್ಲಿ ಎಷ್ಟು ಕೆದಕಿದರೂ ಚಿಕ್ಕತಾಯಿ ರೊಟ್ಟಿ, ಮಳೆ, ಕುದುರೆಯ ಲಾಳ ಎನ್ನುತ್ತಾಳೆ. ಆಟಗಾರ ಸಾಕಾಗಿ “ಬರ್ತೀನಿ” ಎಂಬ ಗುಂಡಿ ಒತ್ತಿ, ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ, “ಒಡೆಯ, ಇನ್ನೊಂದು ವಿಷಯ” ಎನ್ನುತ್ತಾಳೆ. ನಿಂತವನಿಗೆ ಕಥೆ ಸಿಗುತ್ತದೆ. ಬರೆದು ಮುಗಿಸಿ ನಾನೇ ಅತ್ತುಬಿಟ್ಟೆ.

ಆಟವನ್ನು ಪರೀಕ್ಷೆ ಮಾಡುವ ಹುಡುಗರು ಅದನ್ನು ದೋಷವೆಂದು ಬರೆದು ಕಳಿಸಿದರು.

“ಮೇಡಂ, ಎಕ್ಸಿಟ್ ಒತ್ತಿದ್ಮೇಲೂ ಚಿಕ್ಕತಾಯಿ ಮಾತಾಡ್ತಾನೇ ಇದಾಳೆ. ಬಗ್ ಅಂತ ಹಾಕಿದಾರೆ” ಎಂದ ನಿಶಾಂತ್.

“ಬಗ್ ಅಲ್ಲಪ್ಪ, ಸಂಕಟ ಅದು. ಕೂತ್ಕೊಂಡು ಹೇಳೋಕಾಗಲ್ಲ ಅವಳಿಗೆ.”

“ಹೊರಡೋವಾಗ ಯಾರು ಮೇಡಂ ಹಿಂಗೆಲ್ಲ ಹೇಳ್ತಾರೆ? ಹೇಳೋದಿದ್ರೆ ಮೊದಲೇ ಪಾಯಿಂಟಿಗೆ ಬರ್ಬೇಕು.”

“ನಿಮ್ಮನೇಲಿ ಯಾರೂ ಹೇಳಲ್ವಾ?”

“ನಮ್ಮನೇಲಿ ಎಲ್ಲ ಡೈರೆಕ್ಟ್ ಮೇಡಂ.”

ಪರೀಕ್ಷೆಯಲ್ಲಿ ಆಟ ಪಾಸಾದರೆ ನನ್ನ ಗುತ್ತಿಗೆ ಮುಂದುವರಿಯುತ್ತದೆಂದು ಮಾತಾಗಿತ್ತು. ಬುದ್ಧಿ ಇದ್ದವಳಾಗಿದ್ದರೆ ಆ ನಾಲ್ಕು ಹೆಜ್ಜೆ ತೆಗೆದುಹಾಕಿ, ಸಂಬಳ ಎಣಿಸಿಕೊಂಡು ಸುಮ್ಮನಿರುತ್ತಿದ್ದೆ. ಧಾರಾವಾಹಿಯಲ್ಲಿ ಸತ್ತವರನ್ನು ಬದುಕಿಸು ಎಂದಾಗ ಬದುಕಿಸಿದವಳು, ಅತ್ತೆಗೆ ವಿಷ ಹಾಕಿಸು ಎಂದಾಗ ಹಾಕಿಸಿದವಳು ನಾನು. ಈ ವಯಸ್ಸಿನಲ್ಲಿ ಎಲ್ಲಿಂದಲೋ ಬಂದ ಹಟ, ಒಂದು ಹೆಜ್ಜೆಯನ್ನೂ ಬಿಟ್ಟುಕೊಡಲಿಲ್ಲ.

ಹೋದ ಸೋಮವಾರ ನಿಶಾಂತ್ ಗಾಜಿನ ಕೋಣೆಗೆ ಕರೆದ. ಟೀ ತರಿಸಿದ. ನಮ್ಮ ಮನೆಯವರ ಸಕ್ಕರೆ ಕಾಯಿಲೆ ವಿಚಾರಿಸಿದ. ಹೊಸಕೆರೆಹಳ್ಳಿ ಕಡೆ ಟ್ರಾಫಿಕ್ ಹೆಂಗಿದೆ ಮೇಡಂ ಎಂದ. ಚಿಕ್ಕತಾಯಿಯ ಮಾತುಗಳು ಸಖತ್ತಾಗಿವೆ ಎಂದೂ ಹೇಳಿದ. ಗೆದ್ದೆ ಎಂದುಕೊಂಡು ಎದ್ದೆ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ, ಹಿಂದಿನಿಂದ ದನಿ ಬಂತು.

“ಮೇಡಂ, ಇನ್ನೊಂದು ವಿಷಯ.”

ತಿರುಗಿದೆ. ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. “ಈ ತಿಂಗಳಿಗೆ ನಿಮ್ಮ ಕಾಂಟ್ರಾಕ್ಟ್ ಕ್ಲೋಸ್ ಮಾಡ್ತಿದೀವಿ. ಡೈಲಾಗ್ ಕಮ್ಮಿ ಮಾಡಿ, ಫೈಟ್ ಜಾಸ್ತಿ ಹಾಕಿ ಅಂತ ಮೇಲಿನವರು. ಸಾರಿ ಮೇಡಂ.”

“ಚಿಕ್ಕತಾಯಿ?”

“ಇರ್ತಾಳೆ ಮೇಡಂ. ‘ಹುಷಾರ್ ಒಡೆಯ’ ಅಂತ ಒಂದು ಲೈನ್ ಇಟ್ಕೊಂಡಿದೀವಿ.”

ಕೆಲಸ ಹೋದ ದುಃಖ ಮೊದಲು ಬರಬೇಕಿತ್ತು. ನನಗೆ ಬಂದದ್ದು, ನೋಡಪ್ಪ, ನೀನೂ ಬಾಗಿಲಲ್ಲೇ ಹೇಳಿದೆಯಲ್ಲ ಎಂಬ ಕೆಟ್ಟ ಖುಷಿ. ಅದನ್ನು ಅವನ ಮುಖಕ್ಕೆ ಹೇಳಬೇಕೆಂದು ನಾಲಿಗೆ ತುರಿಸಿತು. “ಪರವಾಗಿಲ್ಲಪ್ಪ” ಎಂದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅವಮಾನ, ಹೊಟ್ಟೆಯುರಿ ಎಲ್ಲ ಒಟ್ಟಿಗೆ ಹತ್ತಿಬಂತು. ವಾದದಲ್ಲಿ ಗೆದ್ದದ್ದಕ್ಕೆ ಸಂಬಳ ಕೊಡುವವರು ಯಾರೂ ಇಲ್ಲ.

ಮನೆಗೆ ಬಂದರೆ ನಮ್ಮ ಮನೆಯವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎದುರಿಗೆ ಕೂತು ನಾನೂ ಸುಲಿದೆ. ಹೇಳಲು ಬೇಕಾದಷ್ಟು ಹೊತ್ತಿತ್ತು. ನಾನು ಕಾಯಿಯೊಳಗಿನ ಹುಳದ ಬಗ್ಗೆ ಮಾತಾಡಿದೆ, ಕೆಲಸದವಳು ಬರದಿದ್ದುದನ್ನು ಆಡಿಕೊಂಡೆ, ದೊಡ್ಡಮ್ಮನ ಮಂಡಿಯನ್ನೂ ಬಿಡಲಿಲ್ಲ. ಕೊನೆಗೆ ಅವರು ಹಾಲು ತರಲು ಎದ್ದು, ಹೆಲ್ಮೆಟ್ ಹಾಕಿ, ಸ್ಕೂಟರನ್ನು ರಸ್ತೆಗಿಳಿಸಿ ಸ್ಟಾರ್ಟ್ ಮಾಡಿದರು. ನಾನು ಗೇಟಿನವರೆಗೆ ಓಡಿಹೋದೆ.

“ರೀ, ಇನ್ನೊಂದು ವಿಷಯ.”

“ಬಂದ್ಮೇಲೆ ಹೇಳು” ಎಂದು ಹೊರಟೇಹೋದರು. ಆಟಗಾರ ನಿಲ್ಲದೆ ಹೋದರೆ ಸಂಗಾತಿ ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಗೇಟು ಹಿಡಿದುಕೊಂಡು ನಿಂತಿದ್ದೆ.

ಆದರೆ ಅವತ್ತು ಅವರು ಮರೆಯಲಿಲ್ಲ. ಹಾಲು ಒಳಗಿಟ್ಟು ಬಂದು, ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟು, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕೂತರು. “ಏನೋ ವಿಷಯ ಅಂದ್ಯಲ್ಲ. ಹೇಳು, ಏನಾಯ್ತು?” ಎಂದರು. ಮದುವೆಯಾದಾಗಿನಿಂದ ಅವರು ಹೀಗೆ ಕೂತು ಕೇಳಿದ್ದು ನನಗೆ ನೆನಪಿಲ್ಲ.

“ಏನಿಲ್ಲ, ಕಾಫಿ ಮಾಡ್ಲಾ?” ಎಂದೆ.

ಅವರು ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದೆ.