ನೀಲಿ ಗೇಟಿನ ವಾರಂಟು ಮತ್ತು ಹದಿನಾಲ್ಕು ಕಪ್ಪು ಉಂಡೆಗಳು

ಮಾದಕವಸ್ತು ತಡೆ ವಿಭಾಗದ ತನಿಖಾಧಿಕಾರಿ ಕ್ಯಾಪ್ಟನ್ ಮೆಲಿಸ್ ಚೊಲ್ಪೊನೊವ್ ಅವರಿಗೆ,

ಮಾನ್ಯರೇ,

ಸಾರಿ-ಬುಲುಂಗ್ ಗ್ರಾಮದ ಕೊನೆಯ ಓಣಿಯ ನಿವಾಸಿಯೂ, ಗಂಡ ತೀರಿಕೊಂಡು ಹನ್ನೊಂದು ವರ್ಷವಾದವಳೂ, ತಮ್ಮ ಶ್ರಮದ ಫಲವಾಗಿ ಈಗ ಮಾದಕವಸ್ತು ತಯಾರಿಕೆಯ ಅಪರಾಧಿಯೂ ಆಗಿರುವ ಬುರುಲ್ ಮಾಂಬೆಟೋವಾ ಎಂಬ ಅರವತ್ತಮೂರರ ಮುದುಕಿಯ ಸಲಾಮುಗಳು. ತಾವೂ ತಮ್ಮ ಮಡದಿ ಮಕ್ಕಳೂ ತಮ್ಮ ಕುರಿಗಳೂ ಸುಖವಾಗಿರಲಿ. ಜಿಲ್ಲಾ ನ್ಯಾಯಾಲಯ ನನಗೆ ವಿಧಿಸಿದ ಆರು ವರ್ಷಗಳ ಶಿಕ್ಷೆಯ ವಿರುದ್ಧದ ಮೇಲ್ಮನವಿ ಬರುವ ಗುರುವಾರ ವಿಚಾರಣೆಗೆ ಬರಲಿದ್ದು, ಅದರಲ್ಲಿ ನನ್ನ ವಕೀಲರು ತಾವು ಬರೆದ ಬಂಧನದ ವಾರಂಟನ್ನೇ ಪ್ರಶ್ನಿಸಿರುವುದರಿಂದ, ತಮಗೆ ಬೇಸರವಾದೀತೆಂಬ ಸಂಕೋಚದಿಂದ, ಅಲ್ಲಿಯವರೆಗೆ ಜಾಮೀನಿನ ಮೇಲೆ ಮನೆಯಲ್ಲಿರುವ ನಾನು ಈ ಪತ್ರ ಬರೆದು, ಊರ ಅಂಗಡಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದೇನೆ.

ವಾರಂಟನ್ನು ಓದಿದವರೆಲ್ಲ ತಮ್ಮ ಬರವಣಿಗೆಯನ್ನು ಹೊಗಳುತ್ತಿದ್ದಾರೆ. ಹೆಸರು ಹೇಳದ ಯಾರೋ ಫೋನು ಮಾಡಿದ್ದರ ಮೇಲೆ ತಾವು ಕೊನೆಯ ಓಣಿ, ನೀಲಿ ಗೇಟು, ಹಿತ್ತಲಲ್ಲಿ ನಾರುವ ಹೊಗೆ, ನಲವತ್ತರ ಆಸುಪಾಸಿನ ವಯಸ್ಸಿನ ಎತ್ತರದ ಗಂಡಸು, ದಪ್ಪ ಮೀಸೆ ಎಂದು ಒಂದನ್ನೂ ಬಿಡದೆ ಬರೆದಿದ್ದೀರಿ. ಸಾಮೂಹಿಕ ಕೃಷಿಯ ಕಾಲದಲ್ಲಿ ನಮ್ಮೂರು ಹಸಿರು ಬಣ್ಣ ಕೇಳಿದಾಗ ಒಂದು ಲಾರಿ ನೀಲಿ ಬಣ್ಣ ಬಂದದ್ದರಿಂದ ಓಣಿಯ ಮೂವತ್ತೆರಡು ಗೇಟುಗಳೂ ಅಂದಿನಿಂದ ನೀಲಿಯಾಗಿಯೇ ಇವೆಯೆಂಬುದು ತಮಗೆ ಗೊತ್ತಿಲ್ಲದೆ ಇರಲಿಕ್ಕಿಲ್ಲ, ಏಕೆಂದರೆ ನನ್ನನ್ನು ಹಿಡಿಯಲು ಬಂದ ದಿನ ತಾವು ಜೀಪು ನಿಲ್ಲಿಸಿ ಒರಗಿಕೊಂಡದ್ದು ಎದುರು ಮನೆಯ ನೀಲಿ ಗೇಟಿಗೇ.

ಗೇಟಿಗೆ ಬಂದವರು ರೊಟ್ಟಿಯ ಒಂದು ಚೂರನ್ನಾದರೂ ಬಾಯಿಗಿಡದೆ ವಿಷಯಕ್ಕೆ ಬರುವುದು ನಮ್ಮಲ್ಲಿಲ್ಲವಾದ್ದರಿಂದ ನಾನು, "ಮೊದ್ಲು ಬಾಯಿಗೆ ಹಾಕ್ಕೋ ಮಗಾ, ಆಮೇಲೆ ಏನ್ ಬೇಕಾದ್ರೂ ಕೇಳು" ಎಂದೆ. ತಾವು ಹಾಕಿಕೊಂಡಿರಿ, ಕೆನೆಯನ್ನೂ ಬಳಿದುಕೊಂಡಿರಿ. "ಹಿತ್ತಲ ಕಡಾಯೀಲಿ ಕುದೀತಿರೋದು ಯಾರ್ದು ಅಜ್ಜಿ?" ಎಂದಿರಿ. "ನಂದೇ ಕಣಪ್ಪ, ಸಾಬೂನು. ನಮ್ಮಮ್ಮ ಕಲಿಸಿದ್ದು. ಒಂದ್ಸಲ ತಗೊಂಡೋರು ಬೇರೇದನ್ನ ಮುಟ್ಟೋದೇ ಇಲ್ಲ, ಇಡೀ ಕಣಿವೆ ನನ್ನ ಹತ್ರಾನೇ ಬರುತ್ತೆ" ಎಂದು ನಾನು ಜಂಬ ಕೊಚ್ಚಿದೆ. ಇದೆಲ್ಲ ತಪ್ಪೊಪ್ಪಿಗೆಯಾಗಿ ಅಕ್ಷರಶಃ ದಾಖಲಾಗಿದೆ. ಸಾಬೂನು ಎಂಬ ಒಂದು ಮಾತು ಮಾತ್ರ ಬಿಟ್ಟುಹೋಗಿದೆ. ತಾವು ರೊಟ್ಟಿ ಅಗಿಯುತ್ತಿದ್ದಿರಿ, ಕೇಳಿಸಿರಲಾರದು. ಬಳಿಕ "ಮೀಸೆ ಗಂಡಸೆಲ್ಲಿ?" ಎಂದು ಗದರಿದಾಗ, "ಮೀಸೆ ಇದ್ದೋನು ಸತ್ತು ಹನ್ನೊಂದು ವರ್ಷ ಆಯ್ತು, ಬೇಕಾದ್ರೆ ಗೋರಿ ತೋರಿಸ್ತೀನಿ, ವಾರಂಟು ಅಲ್ಲೇ ಓದು" ಎಂದೆ. ತಾವು ಅಷ್ಟು ದೂರ ನಡೆಯುವ ಬದಲು ಜೇಬಿನಿಂದ ಪೆನ್ನು ತೆಗೆದು, 'ಗಂಡಸು' ಎಂಬುದರ ಮುಂದೆ 'ಅಥವಾ ಹೆಂಗಸು' ಎಂದು ಸೇರಿಸಿದಿರಿ. ಮೀಸೆ ಯಾವಾಗ ಬೇಕಾದರೂ ಬೋಳಿಸಬಹುದಾದ ವಸ್ತುವೆಂದು ಜಿಲ್ಲಾ ನ್ಯಾಯಾಧೀಶರು ತೀರ್ಪಿನಲ್ಲಿ ಒಪ್ಪಿಕೊಂಡಿದ್ದಾರೆ.

ಕುರಿಯ ಬಾಲದ ಕೊಬ್ಬನ್ನೂ ಉಪ್ಪುನೆಲದ ಗಿಡದ ಬೂದಿಯನ್ನೂ ಎರಡು ದಿನ ಕುದಿಸಿದರೆ ಕಪ್ಪು ಸಾಬೂನಾಗುತ್ತದೆ, ನೋಡಲು ಅಫೀಮಿನಂತೆ ಅಂಟಂಟಾದ ಕಪ್ಪುಗಂದು ಉಂಡೆ, ನಾತವಂತೂ ಹೇಳತೀರದು. ಪ್ರಯೋಗಾಲಯದ ತಜ್ಞರು ಅದರಲ್ಲಿ ಸಸ್ಯಮೂಲದ ಅಂಶವಿದೆಯೆಂದೂ, ನೀರು ಬಿದ್ದರೆ ನೊರೆ ಬರುತ್ತದೆಂದೂ, ನೊರೆಯ ಉದ್ದೇಶ ತಿಳಿಯದೆಂದೂ ವರದಿ ಕೊಟ್ಟಿದ್ದಾರೆ. ಆ ತಜ್ಞರು ಸ್ನಾನ ಮಾಡುವುದಿಲ್ಲವೆಂದು ಹೇಳುವಷ್ಟು ದೊಡ್ಡವಳು ನಾನಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ನನ್ನ ಶಿಕ್ಷೆ ಖಾಯಂ ಆದರೆ ಇಲಾಖೆಯ ವತಿಯಿಂದ ನನಗೊಂದು ದಪ್ಪ ಮೀಸೆಯನ್ನೂ ಒಂದು ಗೇಣು ಎತ್ತರವನ್ನೂ ಮಂಜೂರು ಮಾಡಿಸಿದರೆ ವಾರಂಟಿನ ಮಾತು ಉಳಿಯುತ್ತದೆ. ಉಳಿದ ಮೂವತ್ತೊಂದು ಗೇಟಿನವರಿಗೆ ಅನ್ಯಾಯವಾಗದಂತೆ ಅವರನ್ನೂ ಬಂಧಿಸಬೇಕು. ಶಾಲೆಯ ಬಸ್ಸು ರಜೆಯಲ್ಲಿ ಖಾಲಿ ನಿಂತಿರುತ್ತದೆ. ಕೊಬ್ಬು ಒದಗಿಸಿದ ಕುರಿಗಳು ಈಗಾಗಲೇ ತೀರಿಹೋಗಿರುವುದರಿಂದ ಅವುಗಳ ಹೆಸರನ್ನು ಕೈಬಿಡಬಹುದು.

ಕೊನೆಯದಾಗಿ ಇನ್ನೊಂದಿದೆ, ಮಾನ್ಯರೇ. ಗುರುವಾರ ನನ್ನ ಹಸುಗೂಸು ಮೊಮ್ಮಗಳು ಕುಂದುಜ್‌ಗೆ ನಲವತ್ತನೆಯ ದಿನ. ಅಂದು ಅಜ್ಜಿಯಾದವಳು ನಲವತ್ತು ಚಮಚ ನೀರನ್ನು ಒಂದೊಂದಾಗಿ ಎಣಿಸಿ ಮಗುವಿನ ಮೈಮೇಲೆ ಸುರಿದು, ಮನೆಯ ಕಪ್ಪು ಸಾಬೂನಿನಿಂದ ತೊಳೆಯಬೇಕು. ನನ್ನ ಸೊಸೆ ತಾತಿಗುಲ್ ತಾಯಿಯಿಲ್ಲದವಳು, ಎಣಿಸಲು ನನ್ನನ್ನು ಬಿಟ್ಟು ಇನ್ನೊಬ್ಬರಿಲ್ಲ. ವಿಚಾರಣೆ ಬೆಳಿಗ್ಗೆ ಹತ್ತಕ್ಕೆ. ಸೋತರೆ ನನ್ನನ್ನು ಅಲ್ಲಿಂದಲೇ ಹೆಂಗಸರ ಜೈಲಿಗೆ ಒಯ್ಯುತ್ತಾರಂತೆ. "ಹೆದರ್ಬೇಡಿ ಅತ್ತೆ, ನೀವು ಬರೋವರ್ಗೂ ನೀರು ಬೆಚ್ಚಗೇ ಇಟ್ಟಿರ್ತೀನಿ" ಎನ್ನುತ್ತಾಳೆ ಸೊಸೆ. ಆರು ವರ್ಷ ನೀರು ಬೆಚ್ಚಗಿರುವುದಿಲ್ಲವೆಂದು ಅವಳಿಗೂ ಗೊತ್ತು. ನನಗೆ ಹೆದರಿಕೆಯಾಗಿದೆ, ಅದನ್ನು ಮುಚ್ಚಿಡಲಾರೆ. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದು 'ಈ ಮುದುಕಿ ಯಾರು' ಎಂದು ಕೇಳುತ್ತದಲ್ಲ ಎಂಬುದೇ ನನ್ನ ಹೆದರಿಕೆ. ವಾರಂಟಿನಲ್ಲಿ ಎರಡು ಪದ ಸೇರಿಸಿದ ತಮ್ಮ ಪೆನ್ನಿಗೆ ಕ್ಯಾಲೆಂಡರಿನಲ್ಲಿ ಆ ನಲವತ್ತನೆಯ ದಿನವನ್ನು ಆರು ವರ್ಷ ಮುಂದಕ್ಕೆ ಹಾಕುವುದೂ ಕಷ್ಟವಾಗಲಾರದು.

ಇಂತಿ,
ಗಂಡಸು ಅಥವಾ ಹೆಂಗಸಾದ ತಮ್ಮ ವಿಶ್ವಾಸಿ,
ಬುರುಲ್ ಮಾಂಬೆಟೋವಾ

ತಾ.ಕ.: ನನ್ನ ಮನೆಯಿಂದ ಹದಿನಾಲ್ಕು ಉಂಡೆ ವಶಪಡಿಸಿಕೊಂಡೆನೆಂದು ತಾವು ನನ್ನ ಕಣ್ಣೆದುರೇ ಬರೆದಿರಿ, ಪ್ರಯೋಗಾಲಯ ಹನ್ನೊಂದು ಬಂದವೆಂದು ಬರೆದಿದೆ. ತೀರ್ಪಿನ ದಿನ ತಾವು ನನ್ನ ಪಕ್ಕದಿಂದ ಹಾದುಹೋದಾಗ ತಮ್ಮ ಅಂಗಿಯ ಕಾಲರು ಹಾಲಿನಷ್ಟು ಬೆಳ್ಳಗಿತ್ತು, ವಾಸನೆಯೂ ನನಗೆ ಪರಿಚಯದ್ದೇ. ತಾವು ನನ್ನ ಮನೆಯಲ್ಲಿ ಒಂದು ಉಂಡೆಯನ್ನೂ ಉಳಿಸಿಲ್ಲವಾದ್ದರಿಂದ, ಆ ಮೂರರಲ್ಲಿ ಒಂದು ಚೂರಾದರೂ ಮಿಕ್ಕಿದ್ದರೆ ಗುರುವಾರ ನ್ಯಾಯಾಲಯಕ್ಕೆ ತನ್ನಿ, ಮಗುವಿಗೆ ಬೇಕು. ಅದೇನೆಂದು ನ್ಯಾಯಾಧೀಶರು ಕೇಳಿದರೆ ತಾವೇ ಹೇಳಿಬಿಡಿ.